ಮನೆಗೆ ಟ್ರಾಲಿ ಜಾಕ್ ಆರಿಸುವುದು: ಟನ್ ನೋಡುವ ಮೊದಲು ಟೇಪು ಹಿಡಿಯಿರಿ

"ಜಾಕ್ ತರಿಸಿದೆ ಸಾರ್, ಗಾಡಿ ಕೆಳಗೆ ತೂರ್ತಾನೇ ಇಲ್ಲ." "ಪೂರ್ತಿ ಪಂಪ್ ಹೊಡೆದರೂ ಚಕ್ರ ನೆಲ ಬಿಡ್ತಿಲ್ಲ." "ಮೂರು ಟನ್ನಿಂದು ತಂದೆ, ಮೂರನೇ ಮಹಡಿಯಿಂದ ಇಳಿಸೋಕೆ ಇಬ್ಬರು ಬೇಕು." ಮನೆಗೆ ಜಾಕ್ ಕೊಂಡವರಿಂದ ನಾನು ಕೇಳುವ ದೂರುಗಳು ಸುತ್ತಿ ಬಳಸಿ ಇವೇ ಮೂರು. ತಪ್ಪು ಮಾತ್ರ ಒಂದೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿದ್ದ ಟನ್ ನೋಡಿ ದುಡ್ಡು ಕೊಟ್ಟಿರುತ್ತಾರೆ. ಅದರ ಕೆಳಗೆ ಸಣ್ಣದಾಗಿ ಬರೆದಿದ್ದ ಮಿಲಿಮೀಟರ್ ಓದಿರುವುದಿಲ್ಲ.

ನಾನೂ ಓದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮುಂದಿನ ಟಯರ್ ಪೂರ್ತಿ ಕೂತುಬಿಟ್ಟಿತ್ತು. ಹೊಸ 2 ಟನ್ ಜಾಕ್ ಅನ್ನು ಖುಷಿಯಿಂದ ಎಳೆದು ತಂದೆ. ಬಾಗಿಲ ಕೆಳಗಿನ ಅಂಚಿಗೆ ಅದರ ತಲೆ ತಾಗಿ ನಿಂತಿತು. ಒಂದು ಬೆರಳಿನಷ್ಟು ಜಾಗ ಸಾಲದು. ಕೊನೆಗೆ ಡಿಕ್ಕಿಯಲ್ಲಿದ್ದ ಕತ್ತರಿ ಜಾಕ್ ಹಾಕಿ ಗಾಡಿ ಸ್ವಲ್ಪ ಎತ್ತಿ, ಆಮೇಲೆ ಹೊಸದನ್ನು ತೂರಿಸಿದೆ. ಜಾಕ್ ತೂರಿಸೋಕೆ ಇನ್ನೊಂದು ಜಾಕ್! ಪಕ್ಕದ ಮನೆಯವರು ನಿಂತು ನೋಡಿ ನಕ್ಕಿದ್ದು ಇನ್ನೂ ನೆನಪಿದೆ.

ಅಂಗಡಿಯಲ್ಲಿ ಟ್ರಾಲಿ ಜಾಕ್ ಅಂದರೂ ಫ್ಲೋರ್ ಜಾಕ್ ಅಂದರೂ ಒಂದೇ ಸಾಮಾನು ತೋರಿಸುತ್ತಾರೆ. ನಾಲ್ಕು ಸಣ್ಣ ಚಕ್ರ, ಉದ್ದ ಹ್ಯಾಂಡಲ್, ಎದುರಿಗೆ ಮೇಲೇಳುವ ಒಂದು ತೋಳು, ತೋಳಿನ ತುದಿಯಲ್ಲಿ ಗಾಡಿಗೆ ತಾಗುವ ದುಂಡು ತಟ್ಟೆ. ಬಾಟಲಿಯ ಹಾಗೆ ನೆಟ್ಟಗೆ ನಿಲ್ಲುವ ಬಾಟಲ್ ಜಾಕ್ ಬೇರೆ. ಅದು ಲಾರಿಯವರಿಗೆ ಸರಿ. ಕಾರಿನ ಕೆಳಗೆ ಅದನ್ನು ನಿಲ್ಲಿಸುವಷ್ಟು ಎತ್ತರ ಸಾಮಾನ್ಯವಾಗಿ ಇರುವುದಿಲ್ಲ, ತಳವೂ ಕಿರಿದು.

ಶುರು ಮಾಡುವ ಮೊದಲು ಇಷ್ಟು ಹತ್ತಿರ ಇಟ್ಟುಕೊಳ್ಳಿ: ಅಳತೆ ಟೇಪು, ಟಾರ್ಚು, ಕಾಗದ ಪೆನ್ನು, ಗಾಡಿ ಜೊತೆ ಬಂದ ಜಾಕ್, ಗಾಡಿಯ ಪುಸ್ತಕ, ಚಕ್ರಕ್ಕೆ ಅಡ್ಡ ಕೊಡೋಕೆ ಎರಡು ಗಟ್ಟಿ ಮರದ ತುಂಡು.

## 1. ಗಾಡಿಯನ್ನು ಮೂರು ಸಲ ಅಳೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ ಹಂತ. ಕಾಲು ಗಂಟೆ ಹಿಡಿಯುತ್ತದೆ, ಅಷ್ಟೇ.

ಮೊದಲು ಜಾಕ್ ಪಾಯಿಂಟ್ ಹುಡುಕಿ. ಮುಂದಿನ ಚಕ್ರದ ಹಿಂದೆ, ಬಾಗಿಲ ಕೆಳಗೆ ಕೈ ಹಾಕಿ ಸವರಿದರೆ ನೆಲದ ಕಡೆ ಮುಖ ಮಾಡಿದ ತಗಡಿನ ಅಂಚೊಂದು ಸಿಗುತ್ತದೆ. ಬಹಳಷ್ಟು ಕಾರುಗಳಲ್ಲಿ ಆ ಅಂಚಿಗೆ ಎರಡು ಸಣ್ಣ ಕಚ್ಚು ಹಾಕಿರುತ್ತಾರೆ. ಎರಡು ಕಚ್ಚುಗಳ ನಡುವೆ ತಗಡು ಬಲವಾಗಿರುತ್ತದೆ, ಎತ್ತಬೇಕಾದ್ದು ಅಲ್ಲೇ. ಹಿಂದಿನ ಚಕ್ರದ ಮುಂದೆಯೂ ಇಂಥದ್ದೇ ಜಾಗ ಇದೆ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ಥರದ ಚಾಸಿ ಮೇಲೆ ಕೂತ ಗಾಡಿಗಳಲ್ಲಿ ಜಾಗ ಬೇರೆ. ಗಾಡಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ, ನೋಡಿಕೊಳ್ಳಿ.

ಮೊದಲ ಅಳತೆ. ಟಯರ್‌ನಲ್ಲಿ ಗಾಳಿ ಸರಿಯಾಗಿದ್ದಾಗ ನೆಲದಿಂದ ಆ ಅಂಚಿಗೆ ಎಷ್ಟು ಎತ್ತರ?

ಎರಡನೇ ಅಳತೆ. ಟಯರ್ ಕೂತಾಗ ಎಷ್ಟು? ಇದಕ್ಕೆ ಗಾಳಿ ಬಿಡಬೇಕಾಗಿಲ್ಲ. ಮೊದಲ ಅಳತೆಯಿಂದ ಎರಡೂವರೆ ಇಂಚು ಕಳೆಯಿರಿ, ಹತ್ತಿರ ಹತ್ತಿರ ಸರಿ ಹೋಗುತ್ತದೆ. ಜಾಕ್ ಬೇಕಾಗುವುದೇ ಟಯರ್ ಕೂತಾಗ ಅಲ್ವಾ? ಡಬ್ಬದ ಮೇಲಿನ "ಕನಿಷ್ಠ ಎತ್ತರ" ಈ ಎರಡನೇ ಅಳತೆಗಿಂತ ಕಡಿಮೆ ಇರಬೇಕು.

ಮೂರನೇ ಅಳತೆ. ಇದನ್ನು ಯಾರೂ ತೆಗೆಯುವುದಿಲ್ಲ, ಅದಕ್ಕೇ ಮೋಸ ಹೋಗುತ್ತಾರೆ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕರ್ಣಕ್ಕೆ ಇರುವ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಗಾಡಿ ಜೊತೆ ಬಂದ ಜಾಕ್‌ನಿಂದ ನಿಧಾನಕ್ಕೆ ಎತ್ತಿ. ಗಾಡಿ ಏಳುತ್ತಿದ್ದರೂ ಚಕ್ರ ಮಾತ್ರ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಒತ್ತಿ ಹಿಡಿದಿದ್ದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಚಕ್ರವನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ನಿಲ್ಲಿಸಿ, ಆ ಅಂಚಿನ ಎತ್ತರ ಅಳೆದು ಬರೆದುಕೊಳ್ಳಿ. ಗಾಡಿ ಎತ್ತಿರುವಾಗ ಕೈ, ಕಾಲು, ತಲೆ ಯಾವುದೂ ಅದರ ಕೆಳಗೆ ಹೋಗಬಾರದು. ಟೇಪನ್ನು ಪಕ್ಕದಿಂದ ಹಿಡಿದರೆ ಸಾಕು.

ನನ್ನ ಸಣ್ಣ ಕಾರಿನ ಲೆಕ್ಕ ಹೀಗಿತ್ತು. ಗಾಳಿ ಇದ್ದಾಗ 205 ಮಿ.ಮೀ., ಕೂತಾಗ ಸುಮಾರು 140, ಚಕ್ರ ನೆಲ ಬಿಟ್ಟಾಗ 305. ಆರಾಮಾಗಿ ಸ್ಟೆಪ್ನಿ ಏರಿಸೋಕೆ ಇನ್ನೊಂದು ಇಂಚು ಸೇರಿಸಿದರೆ 330. ಪೆಟ್ಟಿಗೆಯಲ್ಲಿ ಬರುವ ಅಗ್ಗದ ಸಣ್ಣ 2 ಟನ್ ಜಾಕ್‌ಗಳು ಸಾಮಾನ್ಯವಾಗಿ 130ರಿಂದ 330 ಅಥವಾ 350 ಮಿ.ಮೀ.ವರೆಗೆ ಏಳುತ್ತವೆ. ತಟ್ಟೆಯ ಮೇಲೆ ರಬ್ಬರ್ ಇಟ್ಟರೆ ಆ ರಬ್ಬರೇ ಕೆಳಗಿನ ಜಾಗದಲ್ಲಿ ಕಾಲು ಇಂಚು ತಿನ್ನುತ್ತದೆ. ಕೆಳಗೂ ಜಾಗ ಇಲ್ಲ, ಮೇಲೂ ಜಾಗ ಇಲ್ಲ. ಪುಟ್ಟ ಎಸ್‌ಯುವಿಗೆ ಇನ್ನೂ ಕಷ್ಟ. ಅದರ ಅಂಚೇ 250ರ ಹತ್ತಿರ ಇದ್ದರೆ ಚಕ್ರ ನೆಲ ಬಿಡುವ ಹೊತ್ತಿಗೆ 360 ದಾಟಿರುತ್ತದೆ. ಈ ಜಾಕ್ ಅಷ್ಟು ಏಳುವುದೇ ಇಲ್ಲ.

ಆಗ ಜನ ಜಾಕ್ ಕೆಳಗೆ ಇಟ್ಟಿಗೆ ಇಡುತ್ತಾರೆ. ಸಿಮೆಂಟ್ ಬ್ಲಾಕ್ ಆಗಲಿ, ಇಟ್ಟಿಗೆ ಆಗಲಿ, ಬಿರುಕು ಬಿಡುವ ಮೊದಲು ಸೂಚನೆ ಕೊಡುವುದಿಲ್ಲ. ಒಂದೇ ಸಲಕ್ಕೆ ಪುಡಿಯಾಗುತ್ತದೆ. ಎತ್ತರ ಸಾಲದಿದ್ದರೆ ಜಾಕ್ ಬದಲಿಸಿ, ಇಟ್ಟಿಗೆ ಹುಡುಕಬೇಡಿ.

ಮುಂಭಾಗವನ್ನೇ ನಡುವಿನಿಂದ ಎತ್ತುವ ಯೋಚನೆ ಇದ್ದರೆ ಬಂಪರ್ ಕೆಳಗಿನ ಎತ್ತರವನ್ನೂ ಅಳೆಯಿರಿ. ಜಾಕ್‌ನ ತಲೆ ತೂರಿದರೂ ನಡುವಿನ ದಪ್ಪ ಭಾಗ ಬಂಪರ್‌ಗೆ ತಾಗಬಹುದು.

## 2. ಈಗ ಟನ್ ನೋಡಿ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಸ್ವಿಫ್ಟ್‌ನಂಥ ಕಾರು ಸುಮಾರು 900 ಕೆ.ಜಿ. ಕ್ರೆಟಾ 1,200ರಿಂದ 1,400. ಇನ್ನೋವಾ ಕ್ರಿಸ್ಟಾ 1,800ರ ಆಸುಪಾಸು. ಫಾರ್ಚೂನರ್ 4x4 ಡೀಸೆಲ್ 2 ಟನ್ ದಾಟುತ್ತದೆ. ನೀವು ಇಡೀ ಗಾಡಿಯನ್ನು ಎತ್ತುವುದಿಲ್ಲ, ಒಂದು ಮೂಲೆ ಎತ್ತುತ್ತೀರಿ. ಎಂಜಿನ್ ಮುಂದೆ ಇರುವುದರಿಂದ ಸಣ್ಣ ಕಾರುಗಳಲ್ಲಿ ತೂಕದ ನೂರಕ್ಕೆ ಸುಮಾರು 60 ಭಾಗ ಮುಂದೆಯೇ ಕೂತಿರುತ್ತದೆ. ಹಾಗಾಗಿ ಸ್ವಿಫ್ಟ್‌ನ ಮುಂದಿನ ಒಂದು ಮೂಲೆಗೆ 300 ಕೆ.ಜಿ.ಯ ಹತ್ತಿರ ಬರುತ್ತದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಜಾಕ್‌ನ ಟನ್ ಇಡೀ ಗಾಡಿಯ ತೂಕಕ್ಕಿಂತ ಕಡಿಮೆ ಇರಬಾರದು. ಸಣ್ಣ ಕಾರಿಗೆ 1.5 ಟನ್ ಧಾರಾಳ. ಮಧ್ಯಮ ಎಸ್‌ಯುವಿಗೆ 2 ಅಥವಾ 2.5. ಫಾರ್ಚೂನರ್, ಸ್ಕಾರ್ಪಿಯೊ ಇದ್ದವರು 3 ತಗೊಳ್ಳಿ. ಅವರಿಗೆ 3 ಟನ್ ಬೇಕಾಗುವುದು ಭಾರಕ್ಕಿಂತ ಜಾಸ್ತಿ ಎತ್ತರಕ್ಕೆ. ದೊಡ್ಡ ಜಾಕ್‌ಗಳ ತೋಳು ಉದ್ದ, ತಳ ಅಗಲ, ತಟ್ಟೆ 450–500 ಮಿ.ಮೀ.ವರೆಗೆ ಏಳುತ್ತದೆ.

ಡಬ್ಬದ ಮೇಲೆ ಎಎಸ್‌ಎಂಇ ಪಿಎಎಲ್‌ಡಿ ಅಥವಾ ಇಎನ್ 1494 ಅಂತ ಇದ್ದರೆ ಒಳ್ಳೆಯದು. ಮೊದಲನೆಯದು ಅಮೆರಿಕದ ಮಾನದಂಡ, ಎರಡನೆಯದು ಯುರೋಪಿನದು. ಆದರೆ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ನಾಲ್ಕನೇ ಹಂತ ಬಿಡಬೇಡಿ.

## 3. ಎಲ್ಲಿಡುತ್ತೀರಿ, ಯಾವ ನೆಲದ ಮೇಲೆ ಎತ್ತುತ್ತೀರಿ

"ಹಗುರ" ಅನ್ನೋದು ಅವರವರ ಮನೆಗೆ ತಕ್ಕಂತೆ. ಕಾರು ನಿಲ್ಲಿಸುವಲ್ಲೇ ಒಂದು ಮೂಲೆಯಲ್ಲಿ ಜಾಕ್ ಇಡುವವರಿಗೆ ತೂಕದ ಚಿಂತೆ ಬೇಡ, ಅದು ಉರುಳುತ್ತದೆ. ಲಿಫ್ಟ್ ಇಲ್ಲದ ಬಿಲ್ಡಿಂಗ್‌ನಲ್ಲಿ ಮೇಲಿಂದ ಹೊತ್ತು ತರುವವರಿಗೆ, ಡಿಕ್ಕಿಯಲ್ಲಿ ಇಟ್ಟುಕೊಂಡು ಊರಿಗೆ ಹೋಗುವವರಿಗೆ ತೂಕವೇ ಮುಖ್ಯ.

ಮನೆಯ ಸಾಮಾನಿಗೆ ಹೋಲಿಸಿ ನೋಡೋಣ. ಸಣ್ಣ 2 ಟನ್ ಜಾಕ್ 8–10 ಕೆ.ಜಿ., ಒಂದು ಕೈಯಲ್ಲಿ ಹಿಡಿಯಬಹುದು. ಅಲ್ಯುಮಿನಿಯಂನ 1.5 ಟನ್ ಜಾಕ್ 12–15 ಕೆ.ಜಿ., ಖಾಲಿ ಸಿಲಿಂಡರಿನಷ್ಟು. ಅಲ್ಯುಮಿನಿಯಂ ಮತ್ತು ಉಕ್ಕು ಸೇರಿಸಿ ಮಾಡಿದ 2 ಟನ್‌ನದು 20 ಲೀಟರ್ ನೀರಿನ ಕ್ಯಾನಿನಷ್ಟು. ಪೂರ್ತಿ ಉಕ್ಕಿನ 3 ಟನ್ ಜಾಕ್ 30 ಕೆ.ಜಿ. ದಾಟುತ್ತದೆ. ಅಂದರೆ ತುಂಬಿದ ಗ್ಯಾಸ್ ಸಿಲಿಂಡರು. ಸೊಂಟ ನೋವಿದ್ದವರು ಅದನ್ನು ಡಿಕ್ಕಿಗೆ ಹಾಕುವ ಯೋಚನೆಯನ್ನೇ ಬಿಡಿ.

ಸಣ್ಣ ಕಾರು, ಸೆಡಾನ್ ಇದ್ದವರಿಗೆ ನನ್ನ ಓಟು ಅಲ್ಯುಮಿನಿಯಂನ 1.5 ಟನ್‌ಗೆ ಅಥವಾ ಅದು ಸಿಗದಿದ್ದರೆ ಮಿಶ್ರ 2 ಟನ್‌ಗೆ. ಲೋ ಪ್ರೊಫೈಲ್ ಅಂತ ಬರೆದಿರುವುದನ್ನೇ ಕೇಳಿ. ಕನಿಷ್ಠ ಎತ್ತರ 85–100 ಮಿ.ಮೀ. ಇರುತ್ತದೆ, ಟಯರ್ ಕೂತರೂ ತೂರುತ್ತದೆ. ಬೆಲೆ ಸಣ್ಣ ಜಾಕ್‌ಗಿಂತ ಹಲವು ಪಟ್ಟು ಹೆಚ್ಚು, ಅದು ನಿಜ. "ಅಲ್ಯುಮಿನಿಯಂ ಬಾಗಲ್ವಾ?" ಅಂತ ಕೇಳುತ್ತಾರೆ. ಅಲ್ಯುಮಿನಿಯಂ ಇರುವುದು ಹೆಚ್ಚಾಗಿ ಪಕ್ಕದ ಹಲಗೆಗಳಲ್ಲಿ. ಪಿಸ್ಟನ್, ಅಚ್ಚು, ತಟ್ಟೆಯಂಥ ಭಾರ ಹೊರುವ ಭಾಗಗಳು ಉಕ್ಕೇ. ಕಾರವಾರ, ಮಂಗಳೂರಿನ ಉಪ್ಪುಗಾಳಿಗೆ ಪಕ್ಕದ ಹಲಗೆ ತುಕ್ಕು ಹಿಡಿಯುವುದಿಲ್ಲ ಅನ್ನೋದು ಹೆಚ್ಚುವರಿ ಲಾಭ. ಎತ್ತಿ ಹಾಕಿದರೆ, ಬೀಳಿಸಿದರೆ ಮಾತ್ರ ಉಕ್ಕಿನಷ್ಟು ತಡೆದುಕೊಳ್ಳುವುದಿಲ್ಲ.

ಇನ್ನು ನೆಲ. ಇಲ್ಲಿ ಒಂದು ವಿಷಯ ಕಣ್ಣಿಟ್ಟು ನೋಡಬೇಕು. ಟ್ರಾಲಿ ಜಾಕ್‌ನ ತೋಳು ನೇರ ಮೇಲಕ್ಕೆ ಏಳುವುದಿಲ್ಲ, ಬಾಗಿಲು ತೆರೆದಂತೆ ಕಮಾನಿನಲ್ಲಿ ಏಳುತ್ತದೆ. ಹಾಗಾಗಿ ತಟ್ಟೆ ಮೇಲೆ ಹೋಗುತ್ತಾ ಸ್ವಲ್ಪ ಹಿಂದಕ್ಕೂ ಸರಿಯುತ್ತದೆ. ನುಣುಪು ಸಿಮೆಂಟ್ ನೆಲದಲ್ಲಿ ಹ್ಯಾಂಡಲ್ ಒತ್ತುತ್ತಾ ಜಾಕ್‌ನ ಚಕ್ರಗಳನ್ನೇ ಗಮನಿಸಿ. ಪ್ರತಿ ಪಂಪ್‌ಗೂ ಜಾಕ್ ತಾನಾಗಿ ಕೂದಲೆಳೆಯಷ್ಟು ಗಾಡಿ ಕಡೆಗೆ ಉರುಳುತ್ತಿರುತ್ತದೆ. ಉರುಳಲೇಬೇಕು. ಚಕ್ರ ಸಿಕ್ಕಿಹಾಕಿಕೊಂಡರೆ ಒಂದೋ ಗಾಡಿ ಎಳೆಯಲ್ಪಡುತ್ತದೆ, ಇಲ್ಲವೇ ತಟ್ಟೆ ಜಾರುತ್ತದೆ.

ನಮ್ಮ ಅಪಾರ್ಟ್‌ಮೆಂಟ್‌ಗಳ ಇಂಟರ್‌ಲಾಕ್ ಕಲ್ಲಿನ ಸಂದಿಗಳಲ್ಲಿ ಆಗುವುದು ಇದೇ. ಸಣ್ಣ ಜಾಕ್‌ನ ಗೋಲಿಯಂಥ ಚಕ್ರ ಸಂದಿಯಲ್ಲಿ ಕೂತರೆ ಅಲ್ಲೇ ನಿಂತಿತು. ಮಣ್ಣಿನ ಅಂಗಳದಲ್ಲಿ ಚಕ್ರ ಹೂತುಹೋಗುತ್ತದೆ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಅಷ್ಟೇ. ಹೀಗಿದ್ದರೆ 18 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಜಾಕ್‌ನ ನಾಲ್ಕೂ ಚಕ್ರ ಅದರ ಮೇಲೆ ನಿಂತು, ಮುಂದೆ ಅರ್ಧ ಅಡಿ ಉರುಳೋಕೆ ಜಾಗ ಉಳಿಯಬೇಕು. ಕಡಪ ಕಲ್ಲಿನ ಮೇಲೂ ಪ್ಲೈವುಡ್ ಹಾಕಿ. ಕಲ್ಲಿನ ಕೆಳಗೆ ಪೊಳ್ಳಿದ್ದರೆ ಭಾರಕ್ಕೆ ಬಿರುಕು ಬಿಡುತ್ತದೆ. ಮರೆಯಬೇಡಿ, ಪ್ಲೈವುಡ್ ಇಟ್ಟರೆ ಕನಿಷ್ಠ ಎತ್ತರಕ್ಕೆ 18 ಮಿ.ಮೀ. ಸೇರುತ್ತದೆ.

ಇಳಿಜಾರು ರ‍್ಯಾಂಪ್ ಮೇಲೆ ಯಾವ ಜಾಕೂ ಬೇಡ. ಗಾಡಿ ಕೆಳಕ್ಕೆ ತನ್ನಿ, ಟಯರ್ ಹಾಳಾದರೂ ಪರವಾಗಿಲ್ಲ.

## 4. ಅಂಗಡಿಯಲ್ಲಿ ಕೈಯಿಂದ ಪರೀಕ್ಷಿಸಿ

ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋದರೆ ನಾಲ್ಕೈದು ಬಗೆ ನೋಡಿ ತರಬಹುದು. ಬೇರೆ ಊರಿನವರು ಟೂಲ್ಸ್ ಅಂಗಡಿಗೆ ಹೋಗಿ. ಆನ್‌ಲೈನ್‌ನಲ್ಲಿ ತರಿಸಿದರೆ ಇದೇ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ, ವಾಪಸ್ ಕಳಿಸುವ ದಿನ ಮುಗಿಯುವುದರೊಳಗೆ.

ತೋಳನ್ನು ಅರ್ಧಕ್ಕೆ ಎತ್ತಿ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ತುಸು ಅಲುಗಾಟ ಇದ್ದೇ ಇರುತ್ತದೆ. ಸಡಿಲ ಹಲ್ಲು ಮುಟ್ಟಿದಂತೆ ಕಟಕಟ ಅಂದರೆ ಅದು ಬೇಡ. ತೋಳಿನ ಬುಡದ ಅಚ್ಚು ಸಡಿಲ ಇದೆ ಅಂತ ಅರ್ಥ, ಭಾರ ಬಿದ್ದಾಗ ತಟ್ಟೆ ವಾಲುತ್ತದೆ.

ಪಕ್ಕದ ಹಲಗೆಗಳ ಮೇಲಂಚು ನೋಡಿ. ಗಟ್ಟಿ ಜಾಕ್‌ಗಳಲ್ಲಿ ಅಂಚು ಹೊರಕ್ಕೆ ಮಡಚಿರುತ್ತದೆ ಅಥವಾ ಹಲಗೆಯೇ ದಪ್ಪ ಇರುತ್ತದೆ. ಚಪ್ಪಟೆ ತೆಳು ತಗಡು ಭಾರಕ್ಕೆ ಸೊಟ್ಟಗಾಗುತ್ತದೆ. ವೆಲ್ಡಿಂಗ್ ಮೇಲೆ ಟಾರ್ಚು ಬಿಡಿ. ಸಾಲಾಗಿ, ತೂತಿಲ್ಲದೆ ಇರಬೇಕು. ಬಣ್ಣ ದಪ್ಪಗೆ ಬಳಿದು ಮುಚ್ಚಿದ್ದರೆ ಉಗುರಿನಿಂದ ಕೆರೆದು ನೋಡಿ, ಅಂಗಡಿಯವರು ಬೈದರೆ ಬೈಯಲಿ.

ಮುಂದಿನ ಎರಡು ಚಕ್ರಗಳ ಹೊರಗಿನ ಅಗಲಕ್ಕೆ ಗೇಣು ಹಾಕಿ. ಒಂದು ಗೇಣಿಗಿಂತ ಕಡಿಮೆ ಇದ್ದರೆ ಗಾಡಿ ಸ್ವಲ್ಪ ಅಲುಗಿದರೂ ಪಕ್ಕಕ್ಕೆ ಮಗುಚಬಹುದು. ಒಂದೂಕಾಲು ಗೇಣು ಇದ್ದರೆ ನೆಮ್ಮದಿ. ಹಿಂದಿನ ಚಕ್ರಗಳು ಸುತ್ತಲೂ ಸಲೀಸಾಗಿ ತಿರುಗಬೇಕು.

ಹ್ಯಾಂಡಲ್ ಕಡೆ ಯಾರೂ ಗಮನ ಕೊಡುವುದಿಲ್ಲ. ಸಣ್ಣ ಜಾಕ್‌ಗಳಲ್ಲಿ ಹ್ಯಾಂಡಲ್ ಎರಡು ಅಡಿ ಇದ್ದರೆ ಹೆಚ್ಚು. ಪಂಪ್ ಮಾಡೋಕೆ ಬಗ್ಗಬೇಕು, ಮೇಲಕ್ಕೆ ಎತ್ತಿದಾಗ ಬೆರಳ ಗಿಣ್ಣು ಬಾಗಿಲಿಗೆ ತಾಗುತ್ತದೆ. ಇಳಿಸಬೇಕಾದರೆ ಅದೇ ಕೋಲನ್ನು ಕಿತ್ತು, ತುದಿಯ ಕಚ್ಚನ್ನು ಸಣ್ಣ ಸ್ಕ್ರೂಗೆ ಸಿಕ್ಕಿಸಿ ತಿರುಗಿಸಬೇಕು. ಉದ್ದ ಹ್ಯಾಂಡಲ್ ಇರುವವುಗಳಲ್ಲಿ ಹ್ಯಾಂಡಲನ್ನೇ ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಎಷ್ಟು ನಿಧಾನಕ್ಕೆ ಇಳಿಸಬಹುದು ಅನ್ನೋದರಲ್ಲೇ ಒಳ್ಳೆ ಜಾಕ್, ಕೆಟ್ಟ ಜಾಕ್ ಗೊತ್ತಾಗುತ್ತದೆ.

ಕೊನೆಗೆ ಪಿಸ್ಟನ್ ಸುತ್ತ ಬೆರಳಾಡಿಸಿ. ತೆಳು ಎಣ್ಣೆ ಪಸೆ ಸರಿ. ಹನಿ ಕಟ್ಟಿದ್ದರೆ ಬೇಡ.

## 5. ಜಾಕ್ ಸ್ಟ್ಯಾಂಡ್ ಇಲ್ಲದೆ ಬಿಲ್ ಮಾಡಿಸಬೇಡಿ

ಜಾಕ್ ಇರುವುದು ಎತ್ತೋಕೆ. ಹಿಡಿದು ನಿಲ್ಲಿಸೋಕೆ ಅಲ್ಲ. ಒಳಗಿರುವುದು ಎಣ್ಣೆ, ಅದನ್ನು ತಡೆದಿರುವುದು ಒಂದು ರಬ್ಬರ್ ಸೀಲ್. ಸೀಲ್ ಹೋದರೆ ಗಾಡಿ ಕೆಳಗೆ ಬರುತ್ತದೆ. ನಿಮ್ಮ ದುಡ್ಡು ಸೀಮಿತ ಇದ್ದರೆ ಜಾಕ್‌ನಲ್ಲಿ ಸ್ವಲ್ಪ ಕಡಿಮೆ ಮಾಡಿ, ಒಂದು ಜೊತೆ ಸ್ಟ್ಯಾಂಡ್ ಸೇರಿಸಿ. ಎತ್ತಿದ ಗಾಡಿಯ ಕೆಳಗಿಟ್ಟು ಭಾರ ಹೊರಿಸುವ ಉಕ್ಕಿನ ಆಸರೆ ಅದು, ಹಲ್ಲಿಗೆ ಕೊಕ್ಕೆ ಸಿಕ್ಕಿಸಿ ಎತ್ತರ ಹೊಂದಿಸುತ್ತಾರೆ.

ಸ್ಟ್ಯಾಂಡ್‌ನ ಕನಿಷ್ಠ ಎತ್ತರ ನೋಡಿ. ಸುಮಾರು ಸ್ಟ್ಯಾಂಡ್‌ಗಳದ್ದು 270–290 ಮಿ.ಮೀ. ಇರುತ್ತದೆ. ಜಾಕ್ ಗಾಡಿಯನ್ನು ಅದಕ್ಕಿಂತ ಮೇಲೆ ಎತ್ತಬೇಕು, ಆಮೇಲೆ ಅದರ ಮೇಲೆ ಕೂರಿಸಬೇಕು. ಒಂದೇ ಕಡೆ ಜಾಕ್ ಇಟ್ಟು ಅಲ್ಲೇ ಸ್ಟ್ಯಾಂಡ್ ಇಡೋಕೆ ಆಗಲ್ಲ. ಪಕ್ಕದಲ್ಲಿ ಇನ್ನೊಂದು ಗಟ್ಟಿ ಜಾಗ ಬೇಕು. ಅದು ಎಲ್ಲಿದೆ ಅಂತ ಪುಸ್ತಕ ನೋಡಿಯೋ, ಮೆಕ್ಯಾನಿಕ್ ಹತ್ತಿರ ತೋರಿಸಿಕೊಂಡೋ ಗುರುತು ಮಾಡಿ ಇಟ್ಟುಕೊಳ್ಳಿ.

ಹೊಸ ಸ್ಟ್ಯಾಂಡ್ ಅಂತ ಕಣ್ಣು ಮುಚ್ಚಿ ನಂಬಬೇಡಿ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಅಂಗಡಿಗಳು 3 ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡವು. ಮೇಲಿನ ಭಾರ ಅಲುಗಿದಾಗ ಕೊಕ್ಕೆಯಿಂದ ಹಲ್ಲು ಬಿಟ್ಟುಕೊಂಡು ಸ್ಟ್ಯಾಂಡ್ ಇಳಿಯುವ ಸಂಭವ ಇತ್ತು. ಅದೇ ವರ್ಷ ಇನ್ನೊಂದು 3 ಟನ್ ಮಾದರಿಯನ್ನೂ ವೆಲ್ಡಿಂಗ್ ದೋಷಕ್ಕೆ ಹಿಂದಕ್ಕೆ ತರಿಸಿದರು. ಅಮೆರಿಕದಲ್ಲಿರುವ ನಮ್ಮವರು ಗರಾಜಿನಲ್ಲಿ ಹಳೇ ಜೊತೆ ಇದ್ದರೆ ಒಮ್ಮೆ ಅದರ ನಂಬರ್ ನೋಡಿಕೊಳ್ಳಿ. ಇಲ್ಲಿರುವವರು ಕೊಳ್ಳುವಾಗ ಹಲ್ಲಿಗೆ ಕೊಕ್ಕೆ ಪೂರ್ತಿ ಕೂರುತ್ತದಾ ಅಂತ ಪ್ರತಿ ಹಲ್ಲಿಗೂ ನೋಡಿ. ಹಲ್ಲಿನ ಜೊತೆ ಅಡ್ಡ ಪಿನ್ ಕೂಡ ಹಾಕುವ ಸ್ಟ್ಯಾಂಡ್ ಸಿಕ್ಕರೆ ಅದನ್ನೇ ತಗೊಳ್ಳಿ.

## 6. ಮನೆಗೆ ತಂದ ದಿನದ ಪರೀಕ್ಷೆ

ಸಾಗಿಸುವಾಗ ಜಾಕ್ ಅಡ್ಡ ಮಲಗಿರುತ್ತದೆ, ಎಣ್ಣೆಯಲ್ಲಿ ಗಾಳಿ ಸೇರಿರುತ್ತದೆ. ಪಂಪ್ ಮಾಡಿದರೆ ಸ್ಪಂಜು ಒತ್ತಿದಂತೆ ಅನಿಸಿದರೆ ಗಾಬರಿ ಬೇಡ. ಇಳಿಸುವ ಸ್ಕ್ರೂ ಸಡಿಲ ಮಾಡಿ, ಹ್ಯಾಂಡಲನ್ನು 10–15 ಸಲ ಪಂಪ್ ಮಾಡಿ, ಸ್ಕ್ರೂ ಬಿಗಿ ಮಾಡಿ. ಈಗ ತೋಳು ಸಲೀಸಾಗಿ ಏಳಬೇಕು. ಎದ್ದಿಲ್ಲ ಅಂದರೆ ಇನ್ನೊಂದು ಸಲ.

ಖಾಲಿ ತೋಳನ್ನು ಪೂರ್ತಿ ಎತ್ತಿ, ನೆಲದಿಂದ ತಟ್ಟೆಗೆ ಟೇಪು ಹಿಡಿಯಿರಿ. ಡಬ್ಬದಲ್ಲಿ ಬರೆದಷ್ಟು ಬರುತ್ತದಾ? ಬರದಿದ್ದರೆ ಎಣ್ಣೆ ಕಡಿಮೆ ಇದೆ ಅಥವಾ ಬರೆದದ್ದೇ ಸುಳ್ಳು.

ಆಮೇಲೆ ಭಾರದ ಪರೀಕ್ಷೆ. ಗಾಡಿಯ ಒಂದು ಮೂಲೆ ಎತ್ತಿ, ಸ್ಟ್ಯಾಂಡನ್ನು ಒಂದು ಬೆರಳು ಅಂತರ ಬಿಟ್ಟು ಕೆಳಗಿಡಿ. ತಟ್ಟೆಯ ಎತ್ತರ ಅಳೆದು ಬರೆದು, ಕಾಫಿ ಕುಡಿದು ಬನ್ನಿ. 15 ನಿಮಿಷದ ಮೇಲೆ ಮತ್ತೆ ಅಳೆಯಿರಿ. ಒಂದೆರಡು ಮಿ.ಮೀ. ಇಳಿದಿದ್ದರೆ ಬಿಡಿ. ಐದಾರು ಇಳಿದಿದ್ದರೆ ಅದೇ ದಿನ ಡಬ್ಬಕ್ಕೆ ಹಾಕಿ ವಾಪಸ್ ಮಾಡಿ. "ಹೊಸದರಲ್ಲಿ ಹಂಗೇ ಸಾರ್, ಆಮೇಲೆ ಸರಿ ಹೋಗುತ್ತೆ" ಅಂತ ಒಬ್ಬರು ನನಗೆ ಹೇಳಿದ್ದರು. ಸರಿ ಹೋಗಲಿಲ್ಲ.

## 7. ಮೊದಲ ಸಲ ಎತ್ತುವ ಕ್ರಮ

ಒಳ್ಳೆ ಜಾಕ್ ತಂದವರೂ ಕ್ರಮ ತಪ್ಪಿಸುತ್ತಾರೆ. ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ.

1. ಸಮತಟ್ಟು ನೆಲ. ಹ್ಯಾಂಡ್ ಬ್ರೇಕ್ ಹಾಕಿ, ಮೊದಲ ಗೇರಿನಲ್ಲಿ ಬಿಡಿ. ಆಟೋಮ್ಯಾಟಿಕ್ ಆದರೆ 'ಪಿ'ಯಲ್ಲಿ. ಒಳಗೆ ಯಾರೂ ಇರಬಾರದು, ನಿದ್ದೆ ಮಾಡುತ್ತಿರುವ ಮಗು ಕೂಡ.

2. ನೆಲದಲ್ಲೇ ಉಳಿಯುವ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಗೇರಿನಲ್ಲಿದೆಯಲ್ಲ, ಸಾಕು ಅನ್ನಬೇಡಿ. ನಮ್ಮ ಬಹಳಷ್ಟು ಕಾರುಗಳಲ್ಲಿ ಗೇರು ಹಿಡಿಯುವುದು ಮುಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರ ಗಾಳಿಯಲ್ಲಿ ತಿರುಗುವಂತಾದರೆ ಡಿಫರೆನ್ಷಿಯಲ್‌ನಿಂದಾಗಿ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇನ್ನೊಂದೂ ಹಿಡಿತ ಕಳೆದುಕೊಳ್ಳುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದೆ ಎತ್ತಿದರೆ ಅದರಲ್ಲೂ ಒಂದು ಹೋಯಿತು. ಮರದ ತುಂಡಿಗೆ ಇಂಥ ತೊಂದರೆ ಇಲ್ಲ.

3. ಚಕ್ರ ನೆಲದಲ್ಲಿ ಇರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ವೀಲ್ ಸ್ಪ್ಯಾನರ್ ಮೇಲೆ ಕಾಲಿಟ್ಟು ಒದ್ದರೆ ಗಾಡಿ ಜಾಕ್‌ನಿಂದ ಜಾರುತ್ತದೆ. ಪೂರ್ತಿ ಬಿಚ್ಚಬೇಡಿ.

4. ತಟ್ಟೆಯ ಮೇಲೆ ಸೀಳು ಇರುವ ರಬ್ಬರ್ ಇಟ್ಟು, ಆ ಸೀಳಿನೊಳಗೆ ತಗಡಿನ ಅಂಚು ಕೂರುವಂತೆ ಜಾಕ್ ತೂರಿಸಿ. ರಬ್ಬರ್ ಇಲ್ಲದೆ ಬರಿ ತಟ್ಟೆಯಿಂದ ಎತ್ತಿದರೆ ಆ ಅಂಚು ಮಡಚಿಕೊಳ್ಳುತ್ತದೆ, ಬಣ್ಣ ಕಿತ್ತು ತುಕ್ಕು ಅಲ್ಲಿಂದಲೇ ಶುರು. ಎಂಜಿನ್ ಆಯಿಲ್ ಸಂಪ್, ಗೇರ್ ಬಾಕ್ಸ್, ಸೈಲೆನ್ಸರ್, ಚಪ್ಪಟೆ ತಳ ಇವಕ್ಕೆಲ್ಲ ಜಾಕ್ ಕೊಡಬೇಡಿ. ಎಲೆಕ್ಟ್ರಿಕ್ ಕಾರಿನ ನಡುವೆ ಇರುವುದು ಬ್ಯಾಟರಿ, ಅಲ್ಲಂತೂ ಬೇಡವೇ ಬೇಡ.

5. ತಟ್ಟೆ ತಾಗುವವರೆಗೆ ಎತ್ತಿ, ನಿಲ್ಲಿಸಿ, ಬಗ್ಗಿ ಎರಡೂ ಕಡೆಯಿಂದ ನೋಡಿ. ನಟ್ಟ ನಡುವೆ ಇದೆಯಾ? ಇದ್ದರೆ ಮುಂದುವರಿಸಿ. ಜಾಕ್ ಉರುಳುತ್ತಿದೆಯಾ ಅಂತ ಕಣ್ಣಿಟ್ಟಿರಿ. ಅದರ ಚಕ್ರಕ್ಕೆ ಅಡ್ಡ ಏನೂ ಇಡಬೇಡಿ.

6. ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಅದರ ಮೇಲೆ ಮೆಲ್ಲಗೆ ಇಳಿಸಿ. ಬಾನೆಟ್ ಹತ್ತಿರ ಕೈಯಿಟ್ಟು ತಳ್ಳಿ ನೋಡಿ. ಅಲುಗಿದರೆ ಮತ್ತೆ ಮೊದಲಿಂದ. ಅಲುಗಿದ್ದು ಗಾಡಿಯ ಸ್ಪ್ರಿಂಗೋ, ಸ್ಟ್ಯಾಂಡೋ ಅಂತ ಅನುಮಾನ ಬಂದರೂ ಮೊದಲಿಂದಲೇ. ಬಿಚ್ಚಿದ ಟಯರನ್ನು ಗಾಡಿಯ ಅಂಚಿನ ಕೆಳಗೆ ಅಡ್ಡ ಮಲಗಿಸಿ. ಗಾಡಿ ಬಿದ್ದರೂ ಟಯರ್ ಮೇಲೆ ಬೀಳುತ್ತದೆ.

7. ಕೆಲಸ ಮುಗಿದ ಮೇಲೆ ಗಾಡಿಯನ್ನು ಮತ್ತೆ ತುಸು ಎತ್ತಿ, ಸ್ಟ್ಯಾಂಡನ್ನೂ ಕೆಳಗಿನ ಟಯರನ್ನೂ ಹೊರಗೆ ತೆಗೆಯಿರಿ. ಇಳಿಸುವಾಗ ಸ್ಕ್ರೂ ಕಾಲು ಸುತ್ತಿನಷ್ಟೂ ತಿರುಗಿಸಬೇಡಿ. ಮೊದಲು ಕೂದಲೆಳೆಯಷ್ಟು, ಗಾಡಿ ಇಳಿಯೋಕೆ ಶುರುವಾದರೆ ಅಲ್ಲೇ ಹಿಡಿಯಿರಿ. ಹ್ಯಾಂಡಲ್ ಬಾಗಿಲಿನ ಕೆಳಗೆ ಸಿಕ್ಕಿಲ್ಲ ಅಂತ ಇಳಿಸುವ ಮೊದಲೇ ನೋಡಿಕೊಳ್ಳಿ. ಸಿಕ್ಕಿದರೆ ಬಾಗಿಲಿಗೆ ಡೆಂಟು ಖಾತ್ರಿ. ಚಕ್ರ ನೆಲಕ್ಕೆ ಬಂದ ಮೇಲೆ ನಟ್ಟುಗಳನ್ನು ಎದುರು ಬದುರು ಕ್ರಮದಲ್ಲಿ ಬಿಗಿ ಮಾಡಿ.

## 8. ಜಾಕ್ ಕೆಡುವ ಮೊದಲು ಕೊಡುವ ಸೂಚನೆ

ಇಡುವಾಗ ತೋಳು ಪೂರ್ತಿ ಇಳಿದಿರಲಿ. ಎತ್ತಿಟ್ಟರೆ ಪಿಸ್ಟನ್‌ನ ಹೊಳೆಯುವ ಭಾಗ ಹೊರಗಿದ್ದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ತರಿ ಮುಂದಿನ ಸಲ ಸೀಲನ್ನು ಕೊಯ್ಯುತ್ತದೆ. ವರ್ಷಕ್ಕೊಮ್ಮೆ ತೋಳಿನ ಅಚ್ಚಿಗೂ ಚಕ್ರಗಳಿಗೂ ಗ್ರೀಸ್ ಹಚ್ಚಿ.

ಅರ್ಧ ಎದ್ದು ನಿಂತುಬಿಟ್ಟರೆ ಎಣ್ಣೆ ಕಡಿಮೆಯಾಗಿರಬಹುದು. ತೋಳು ಪೂರ್ತಿ ಇಳಿಸಿಯೇ ರಬ್ಬರ್ ಬಿರಡೆ ತೆಗೆದು, ತೂತಿನ ಅಂಚಿನವರೆಗೆ ಹೈಡ್ರಾಲಿಕ್ ಜಾಕ್ ಆಯಿಲ್ ತುಂಬಿ. ಬ್ರೇಕ್ ಆಯಿಲ್ ಹಾಕಲೇಬೇಡಿ. ನೋಡೋಕೆ ಒಂದೇ ಥರ ಇದ್ದರೂ ಅದು ಜಾಕ್‌ನ ಸೀಲುಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಎಣ್ಣೆ ಸುರಿದು ಕೊಡುವವರಿದ್ದಾರೆ, ಹುಷಾರು.

ಪಂಪ್ ಮಾಡುವಾಗ ಏರಿ, ಕೈ ಬಿಟ್ಟ ಕೂಡಲೇ ಇಳಿಯುತ್ತಿದ್ದರೆ ಮೊದಲು ಇಳಿಸುವ ಸ್ಕ್ರೂ ಬಿಗಿಯಾಗಿದೆಯಾ ನೋಡಿ. ಗಾಳಿ ತೆಗೆದು ಮತ್ತೆ ಪರೀಕ್ಷಿಸಿ. ಆಮೇಲೂ ಇಳಿದರೆ ಸೀಲ್ ಅಥವಾ ಒಳಗಿನ ವಾಲ್ವ್ ಹೋಗಿದೆ. ಒಳ್ಳೆ ಜಾಕ್ ಆದರೆ ಹೈಡ್ರಾಲಿಕ್ ರಿಪೇರಿ ಮಾಡುವವರ ಹತ್ತಿರ ಜಾಕ್ ಸಮೇತ ಹೋಗಿ. ಹಳೇ ಸೀಲಿನ ಅಳತೆ ನೋಡಿ ಹೊಸದು ಕೂರಿಸುತ್ತಾರೆ. ಅಗ್ಗದ ಸಣ್ಣ ಜಾಕ್‌ಗೆ ಆ ಖರ್ಚು ದಂಡ.

ತೋಳು ಬಾಗಿದ್ದರೆ, ವೆಲ್ಡಿಂಗ್‌ನಲ್ಲಿ ಕೂದಲಿನಷ್ಟು ಬಿರುಕು ಕಂಡರೆ ರಿಪೇರಿ ಮಾತೇ ಇಲ್ಲ, ಗುಜರಿಗೆ ಹಾಕಿ. ಹಾಕುವ ಮೊದಲು ಎಣ್ಣೆ ತೆಗೆದು, ತಟ್ಟೆಯನ್ನೂ ಹ್ಯಾಂಡಲನ್ನೂ ಕಳಚಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗುಜರಿಯವರು ಅದನ್ನು ಒರೆಸಿ, ಇನ್ನೊಬ್ಬರಿಗೆ "ಕಂಡೀಷನ್ ಚೆನ್ನಾಗಿದೆ" ಅಂತ ಮಾರುತ್ತಾರೆ.